ಶಾಲೆಯ ವಾಟ್ಸಾಪ್ ಗುಂಪಿನ ಎಫ್‌ಎ, ಸ್ಯಾಟ್ಸ್, ಪೆನ್, ಅಪಾರ್, ಎಸ್‌ಎಸ್‌ಪಿ: ಪೋಷಕರಿಗೆ ಯಾವುದು ಗೊತ್ತಿರಲೇಬೇಕು?

ವಿದ್ಯಾನಗರದ ಅಮ್ಮ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಈ ವರ್ಷ ಮಗಳನ್ನ ಸಿಬಿಎಸ್‌ಇ ಶಾಲೆ ಬಿಡಿಸಿ ಸರ್ಕಾರಿ ಶಾಲೆಗೆ ಏಳನೇ ಕ್ಲಾಸಿಗೆ ಸೇರಿಸಿದೀವಿ. ಟೀಚರ್‌ಗಳು ಚೆನ್ನಾಗಿ ನೋಡ್ಕೊಳ್ತಾರೆ, ಮಗಳೂ ಖುಷಿಯಾಗಿದಾಳೆ. ನನ್ನ ತೊಂದರೆ ಇರೋದು ಗುಂಪಿನಲ್ಲಿ ಬರೋ ಸಂದೇಶಗಳಲ್ಲಿ. ನಿನ್ನೆ ಬಂದಿದ್ದು ಇದು:

"ಪೋಷಕರ ಗಮನಕ್ಕೆ. ಎಫ್‌ಎ-1 ಅಂಕ ಸ್ಯಾಟ್ಸ್‌ಗೆ ಏರಿಸಲಾಗುತ್ತಿದೆ. ಪೆನ್ ಇಲ್ಲದವರು ಹಿಂದಿನ ಶಾಲೆಯ ಯುಡೈಸ್ ತರುವುದು. ಅಪಾರ್ ಒಪ್ಪಿಗೆ ಬಾಕಿ ಇರುವವರು ಶನಿವಾರದೊಳಗೆ ಕೊಡುವುದು. ಎಸ್‌ಎಸ್‌ಪಿಗೆ ಆರ್‌ಡಿ ನಂಬರ್ ಕಡ್ಡಾಯ. ಸೋಮವಾರ ಎಸ್‌ಡಿಎಂಸಿ ಸಭೆ, ಸಿಆರ್‌ಪಿ ಬರುತ್ತಾರೆ."

ನಾನು ಬಿ.ಕಾಂ. ಓದಿದೀನಿ, ನನಗೇ ಅರ್ಧ ತಿಳೀಲಿಲ್ಲ. ಗುಂಪಿನಲ್ಲಿರೋ ಎಷ್ಟೋ ತಾಯಂದಿರು ಬೆಳಿಗ್ಗೆ ಕೂಲಿಗೆ ಹೋಗಿ ಸಂಜೆ ಬಂದು ಮೊಬೈಲ್ ನೋಡೋರು. ಎಲ್ಲರೂ "ಆಯ್ತು ಮೇಡಂ" ಅಂತ ಹಾಕಿ ಸುಮ್ಮನಾದ್ರು. ಇದರಲ್ಲಿ ಯಾವುದು ಬರೀ ಶಾಲೆಯ ಕಡತದ ಕೆಲಸ, ಯಾವುದು ತಪ್ಪಿದ್ರೆ ಮಗುವಿಗೇ ನಷ್ಟ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಜಗಳೂರು ಮೇಷ್ಟ್ರು

ಮೇಡಂ, ನಾನು ಜಗಳೂರು ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಜಿಪಿಟಿ, ಅಂದ್ರೆ ಆರರಿಂದ ಎಂಟನೇ ತರಗತಿಗೆ ಪಾಠ ಮಾಡೋ ಪದವೀಧರ ಶಿಕ್ಷಕ. ಆ ಸಂದೇಶದಲ್ಲಿರೋದನ್ನ ಬಿಡಿಸ್ತೀನಿ.

ಎಫ್‌ಎ ಅಂದ್ರೆ ರೂಪಣಾತ್ಮಕ ಮೌಲ್ಯಮಾಪನ, ಎಸ್‌ಎ ಅಂದ್ರೆ ಸಂಕಲನಾತ್ಮಕ ಮೌಲ್ಯಮಾಪನ. ನಮ್ಮ ರಾಜ್ಯ ಪಠ್ಯಕ್ರಮದಲ್ಲಿ ವರ್ಷಕ್ಕೆ ನಾಲ್ಕು ಎಫ್‌ಎ, ಎರಡು ಎಸ್‌ಎ. ದಸರಾ ರಜೆಗೆ ಮುಂಚೆ ಎಸ್‌ಎ-1, ವರ್ಷದ ಕೊನೆಗೆ ಎಸ್‌ಎ-2. ಎಫ್‌ಎ ಬರೀ ಕಿರುಪರೀಕ್ಷೆ ಅಲ್ಲ. ಮಗು ತರಗತಿಯಲ್ಲಿ ಮಾಡಿದ ಚಟುವಟಿಕೆ, ಪ್ರಾಜೆಕ್ಟು ಎಲ್ಲ ಅದರಲ್ಲಿ ಸೇರುತ್ತೆ. ಹಾಗಾಗಿ ಎಫ್‌ಎ ಟೈಮಲ್ಲಿ "ಪರೀಕ್ಷೆ ತಾನೆ, ಆವತ್ತೊಂದು ದಿನ ಕಳಿಸಿದ್ರಾಯ್ತು" ಅಂದ್ಕೋಬೇಡಿ. ಈ ಇಡೀ ಪದ್ಧತಿಗೆ ಸಿಸಿಇ ಅಂತಾರೆ, ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ. ಸಿಬಿಎಸ್‌ಇನವರು 2017-18ರಿಂದ ಎಫ್‌ಎ, ಎಸ್‌ಎ ಬಿಟ್ಟು ಪಿಟಿ, ಅಂದ್ರೆ ನಿಯತಕಾಲಿಕ ಪರೀಕ್ಷೆ ಅಂತ ಮಾಡ್ತಾರೆ. ನಿಮ್ಮ ಮಗಳಿಗೆ ಇದು ಹೊಸದು, ಅವಳಿಗೂ ಒಂದ್ಸಲ ಹೇಳಿ.

ಇನ್ನು ನಂಬರ್‌ಗಳು. ಎಲ್ಲ ಪೋಷಕರೂ ಎಡವೋದು ಇಲ್ಲೇ. ಅಂಕಿ ಎಣಿಸಿದ್ರೆ ಅರ್ಧ ಗೊಂದಲ ಹೋಗುತ್ತೆ. ಸ್ಯಾಟ್ಸ್ ನಂಬರ್ 9 ಅಂಕಿ, ಇದು ನಮ್ಮ ರಾಜ್ಯದ್ದು. ಮಗು ಯಾವ ಶಾಲೆ, ಯಾವ ತರಗತಿ, ಎಷ್ಟು ಅಂಕ, ಟಿ.ಸಿ. ಎಲ್ಲಿಂದ ಎಲ್ಲಿಗೆ, ಎಲ್ಲ ಇದರಡಿ ಕೂತಿರುತ್ತೆ. ಪೆನ್ 11 ಅಂಕಿ, ಕೇಂದ್ರದ ಯುಡೈಸ್ ಪ್ಲಸ್ ವ್ಯವಸ್ಥೆ ಮಗುವಿಗೆ ಕೊಡೋ ಕಾಯಂ ನಂಬರ್. ಅಪಾರ್ ಅಂದ್ರೆ ಮಗುವಿನ ಓದಿನ ದಾಖಲೆಗೆ ದೇಶಕ್ಕೆಲ್ಲ ಒಂದೇ ಇರೋ ಗುರುತಿನ ನಂಬರ್, 12 ಅಂಕಿ, ಆಧಾರ್ ಕೂಡ 12, ಆದ್ರೆ ಎರಡೂ ಬೇರೆ ಬೇರೆ. ಯುಡೈಸ್ ಕೋಡ್ ಮಾತ್ರ ಮಗುವಿನದ್ದಲ್ಲ, ಶಾಲೆಯದು. ಅದೂ 11 ಅಂಕಿನೇ, ಆದ್ರೆ ಕರ್ನಾಟಕದ ಯಾವ ಶಾಲೆಯದಾದ್ರೂ 29ರಿಂದ ಶುರುವಾಗುತ್ತೆ. ಆಮೇಲಿನ ಎರಡಂಕಿ ಜಿಲ್ಲೆಯದು, ಚಿತ್ರದುರ್ಗಕ್ಕೆ 13, ದಾವಣಗೆರೆಗೆ 14. ಹಿಂದಿನ ಶಾಲೆಯ ಟಿ.ಸಿ. ಮೇಲೆ ಸಾಮಾನ್ಯವಾಗಿ ಈ ಕೋಡ್ ಇರುತ್ತೆ, ನೋಡ್ಕೊಳ್ಳಿ.

ಸಿಆರ್‌ಪಿ ಅಂದ್ರೆ ಸಮೂಹ ಸಂಪನ್ಮೂಲ ವ್ಯಕ್ತಿ. ಸುತ್ತಮುತ್ತಲ ಶಾಲೆಗಳ ಒಂದು ಕ್ಲಸ್ಟರ್‌ಗೆ ಒಬ್ಬರು. ಅವರ ಮೇಲೆ ಬ್ಲಾಕ್ ಸಂಪನ್ಮೂಲ ಕೇಂದ್ರ ಅಂದ್ರೆ ಬಿಆರ್‌ಸಿ, ಕ್ಷೇತ್ರ ಶಿಕ್ಷಣಾಧಿಕಾರಿ ಅಂದ್ರೆ ಬಿಇಒ, ಜಿಲ್ಲೆಗೆ ಇಲಾಖೆಯ ಉಪನಿರ್ದೇಶಕರು, ಅಂದ್ರೆ ಡಿಡಿಪಿಐ. ದಾವಣಗೆರೆ ತಾಲ್ಲೂಕು ದೊಡ್ಡದು ಅಂತ ಉತ್ತರ ವಲಯ, ದಕ್ಷಿಣ ವಲಯ ಅಂತ ಎರಡು ಬಿಇಒ ಕಚೇರಿ ಇದಾವೆ. ಅರ್ಜಿ ಹಿಡ್ಕೊಂಡು ಹೋಗೋ ಮುಂಚೆ ನಿಮ್ಮ ಶಾಲೆ ಯಾವ ವಲಯದ್ದು ಅಂತ ಕೇಳಿ ಹೋಗಿ, ಇಲ್ಲಾಂದ್ರೆ ಒಂದು ದಿನ ಹಾಳು.

ವಿದ್ಯಾನಗರದ ಅಮ್ಮ (ದಾವಣಗೆರೆ)

ಸರ್, ತುಂಬಾ ಉಪಕಾರ ಆಯ್ತು. ಅಪಾರ್ ಒಪ್ಪಿಗೆ ಕೊಡಲೇಬೇಕಾ? ನಮ್ಮ ಮನೆಯವರು ಬೇಡ ಅಂತಿದಾರೆ.

ಜಗಳೂರು ಮೇಷ್ಟ್ರು

ನಿಮ್ಮ ಒಪ್ಪಿಗೆ ಇಲ್ಲದೆ ಶಾಲೆಯವರು ಅದನ್ನ ಸೃಷ್ಟಿಸೋ ಹಾಗಿಲ್ಲ, ಅದಕ್ಕೇ ಪತ್ರ ಕೇಳ್ತಿರೋದು. ಮಗುವಿನ ಅಂಕಪಟ್ಟಿ, ಪ್ರಮಾಣಪತ್ರ ಡಿಜಿಲಾಕರ್‌ನಲ್ಲಿ ಒಂದೇ ಕಡೆ ಸಿಗಲಿ ಅನ್ನೋದು ಅದರ ಉದ್ದೇಶ. ಪತ್ರ ಪೂರ್ತಿ ಓದಿ ಸಹಿ ಹಾಕಿ. ಬೇಡ ಅನ್ನಿಸಿದ್ರೆ ಬೇಡ ಅಂತ ಬರೆದೇ ಕೊಡಿ, ಸುಮ್ಮನೆ ಇರಬೇಡಿ. ಬಾಕಿ ಪಟ್ಟಿಯಲ್ಲಿ ಹೆಸರಿದ್ರೆ ಮೇಲಿನಿಂದ ನಮಗೆ ದಿನಾ ಫೋನ್ ಬರುತ್ತೆ, ನಾವು ನಿಮಗೆ ದಿನಾ ಸಂದೇಶ ಹಾಕ್ತೀವಿ. ಕೊಡೋದಾದ್ರೆ ಆಧಾರ್‌ನಲ್ಲಿರೋ ಹೆಸರು, ಶಾಲೆ ದಾಖಲೆಯ ಹೆಸರು ಒಂದೇ ಇರಬೇಕು.

ಕೋಟೆ ರಸ್ತೆ ಸೈಬರ್ (ಚಿತ್ರದುರ್ಗ)

ಹೆಸರಿನ ವಿಷಯ ಮೇಷ್ಟ್ರು ಒಂದೇ ಸಾಲಿನಲ್ಲಿ ಮುಗಿಸಿದ್ರು. ನಾನು ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ನನ್ನ ಅಂಗಡಿಗೆ ಬರೋ ಪೋಷಕರಲ್ಲಿ ಅಳು ಬರೋಷ್ಟು ಸುಸ್ತಾಗೋರು ಇದೇ ಕಾರಣಕ್ಕೆ.

ಎಸ್‌ಎಸ್‌ಪಿ ಅಂದ್ರೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್. ಒಂದರಿಂದ ಹತ್ತನೇ ಕ್ಲಾಸಿನ ಮಕ್ಕಳದ್ದು ಪ್ರೀ-ಮೆಟ್ರಿಕ್, ಆಮೇಲಿಂದು ಪೋಸ್ಟ್-ಮೆಟ್ರಿಕ್. ಪ್ರೀ-ಮೆಟ್ರಿಕ್ ಅರ್ಜಿ ಶುರುವಾಗೋದೇ ಸ್ಯಾಟ್ಸ್ ನಂಬರ್‌ನಿಂದ. ಅದು ಹಾಕಿದ ಕೂಡಲೇ ಮಗುವಿನ ಹೆಸರು, ಶಾಲೆ ತಾನೇ ಬರುತ್ತೆ. ಅಲ್ಲಿ ಬಂದ ಹೆಸರು ಆಧಾರ್‌ನಲ್ಲಿರೋ ಹೆಸರಿಗೆ ಹೊಂದಬೇಕು. ಶಾಲೇಲಿ "ಕೆ. ರೇಣುಕಾ", ಆಧಾರ್‌ನಲ್ಲಿ "ರೇಣುಕಮ್ಮ ಕೆ" ಇದ್ರೆ ಅಲ್ಲೇ ನಿಂತ್ಕೊಳುತ್ತೆ. ಅಂಗಡಿಯವನು ಏನೂ ಮಾಡಕಾಗಲ್ಲ. ಸ್ಯಾಟ್ಸ್‌ನಲ್ಲಿ ತಿದ್ದಬೇಕು ಅಂದ್ರೆ ಶಾಲೆಗೆ ಹೋಗಬೇಕು, ಆಧಾರ್‌ನಲ್ಲಿ ತಿದ್ದಬೇಕು ಅಂದ್ರೆ ಆಧಾರ್ ಕೇಂದ್ರಕ್ಕೆ. ಎರಡರಲ್ಲಿ ಯಾವುದು ಸರಿ ಅಂತ ಮೊದಲು ಮನೇಲಿ ಕೂತು ತೀರ್ಮಾನ ಮಾಡಿ, ಜನನ ಪ್ರಮಾಣಪತ್ರ ಮುಂದಿಟ್ಕೊಂಡು.

ಆರ್‌ಡಿ ನಂಬರ್ ಅಂದ್ರೆ ನಾಡಕಚೇರಿಯಲ್ಲಿ ಕೊಡೋ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಆರ್, ಡಿ ಅಂತ ಶುರುವಾಗೋ ಸಂಖ್ಯೆ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಅವಧಿ. ದೊಡ್ಡ ಮಗನಿಗೆ ಮಾಡಿಸಿದ್ದನ್ನೇ ಚಿಕ್ಕ ಮಗಳಿಗೂ ತಂದು, ಅವಧಿ ಮುಗಿದಿದೆ ಅಂತ ಇಲ್ಲಿ ಬಂದಮೇಲೆ ಗೊತ್ತಾಗೋರು ಬಹಳ. ಅರ್ಜಿಗೆ ಕೊನೇ ದಿನ ಹತ್ತಿರ ಬಂದಾಗ ನಾಡಕಚೇರಿಯಲ್ಲಿ ಸಾಲು ಹೇಗಿರುತ್ತೆ ಅಂತ ನಿಮಗೇ ಗೊತ್ತು. ಜೂನ್‌ನಲ್ಲೇ ತೆಗೆದು ದಿನಾಂಕ ನೋಡಿ.

ಮೂರನೇದು ಎನ್‌ಪಿಸಿಐ, ಯಾವ ಆಧಾರ್‌ನ ದುಡ್ಡು ಯಾವ ಖಾತೆಗೆ ಹೋಗಬೇಕು ಅಂತ ಪಟ್ಟಿ ಇಟ್ಕೊಳ್ಳೋ ಸಂಸ್ಥೆ. ಈ ಪದ ಶಾಲೆ ಸಂದೇಶದಲ್ಲಿ ಬರಲ್ಲ, ಆದ್ರೆ ದುಡ್ಡು ನಿಲ್ಲೋದು ಇಲ್ಲೇ. ವಿದ್ಯಾರ್ಥಿವೇತನ ಡಿಬಿಟಿ, ಅಂದ್ರೆ ನೇರ ವರ್ಗಾವಣೆ ಮೂಲಕ ಆಧಾರ್ ಜೋಡಣೆಯಾದ ಖಾತೆಗೆ ಹೋಗುತ್ತೆ. ಪಾಸ್‌ಬುಕ್ ಇದ್ದ ಮಾತ್ರಕ್ಕೆ ಜೋಡಣೆ ಆಗಿದೆ ಅಂತ ಅರ್ಥ ಅಲ್ಲ. ಒಂದಕ್ಕಿಂತ ಹೆಚ್ಚು ಖಾತೆ ಇದ್ರೆ ಕೊನೆಗೆ ಯಾವುದಕ್ಕೆ ಜೋಡಿಸಿರ್ತೀರೋ ಅದಕ್ಕೇ ಹೋಗುತ್ತೆ. ಒಬ್ಬ ತಾಯಿ "ಮಂಜೂರಾಗಿದೆ ಅಂತಾರೆ, ದುಡ್ಡು ಬಂದಿಲ್ಲ" ಅಂತ ಓಡಾಡಿ ಓಡಾಡಿ ಕೊನೆಗೆ ನೋಡಿದ್ರೆ ಸ್ವಸಹಾಯ ಸಂಘಕ್ಕೆ ಅಂತ ತೆರೆದು ಮರೆತಿದ್ದ ಖಾತೆಗೆ ಬಂದು ಬಿದ್ದಿತ್ತು. ಬ್ಯಾಂಕಿಗೆ ಹೋಗಿ "ನನ್ನ ಮಗುವಿನ ಆಧಾರ್ ಈ ಖಾತೆಗೆ ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ" ಅಂತ ಇದೇ ಮಾತಲ್ಲಿ ಕೇಳಿ. "ಆಧಾರ್ ಲಿಂಕ್ ಆಗಿದೆಯಾ" ಅಂತಷ್ಟೇ ಕೇಳಿದ್ರೆ ಖಾತೆಗೆ ಕೊಟ್ಟ ಗುರುತಿನ ದಾಖಲೆ (ಕೆವೈಸಿ) ನೋಡಿ ಹೂಂ ಅಂದುಬಿಡ್ತಾರೆ.

ಹೊಳಲ್ಕೆರೆ ಅಪ್ಪ

ಇದನ್ನ ಸೇವ್ ಮಾಡಿ ಇಟ್ಕೊಂಡೆ ಅಣ್ಣ.

ಚಳ್ಳಕೆರೆ ಬಿ.ಇಡಿ.

ಸ್ಯಾಟ್ಸ್ ಬಗ್ಗೆ ಇನ್ನೊಂದು ಗೊಂದಲ ನೋಡಿದೀನಿ. ಎಂಟನೇ ತರಗತಿಯವರಿಗೆ ಎನ್‌ಎಂಎಂಎಸ್ ಅಂತ ಕೇಂದ್ರದ ವಿದ್ಯಾರ್ಥಿವೇತನಕ್ಕೆ ಪರೀಕ್ಷೆ ಇದೆ. ಅದರಲ್ಲಿ ಎರಡು ಪತ್ರಿಕೆ: ಮ್ಯಾಟ್ ಮತ್ತು ಸ್ಯಾಟ್. ಮ್ಯಾಟ್ ಮಾನಸಿಕ ಸಾಮರ್ಥ್ಯದ್ದು, ಸ್ಯಾಟ್ ವಿಜ್ಞಾನ, ಸಮಾಜ, ಗಣಿತದ್ದು. ಒಂದೊಂದರಲ್ಲಿ 90 ಪ್ರಶ್ನೆ. "ಸ್ಯಾಟ್‌ಗೆ ತಯಾರಿ ಮಾಡಿಸಿ" ಅಂತ ಸಂದೇಶ ಬಂದ್ರೆ ಪೋಷಕರು "ನಮ್ ಹುಡುಗನ ಸ್ಯಾಟ್ಸ್ ಆಗಲೇ ಆಗಿದೆ ಸರ್" ಅಂತಾರೆ.

ಈ ಪರೀಕ್ಷೆ ದಯವಿಟ್ಟು ಯಾರೂ ಬಿಡಬೇಡಿ. ಆಯ್ಕೆಯಾದ್ರೆ ಒಂಬತ್ತನೇ ತರಗತಿಯಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ. ಪೋಷಕರ ಆದಾಯ ವರ್ಷಕ್ಕೆ 3.5 ಲಕ್ಷದೊಳಗಿರಬೇಕು, ಏಳನೇ ತರಗತಿಯಲ್ಲಿ ಶೇ 55 ಅಂಕ ಇರಬೇಕು, ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಶೇ 5 ಸಡಿಲಿಕೆ. ಇದರ ದುಡ್ಡಿಗೆ ಅರ್ಜಿ ಹಾಕೋದು ಎಸ್‌ಎಸ್‌ಪಿಯಲ್ಲಲ್ಲ, ಕೇಂದ್ರದ ವಿದ್ಯಾರ್ಥಿವೇತನ ಪೋರ್ಟಲ್ ಎನ್‌ಎಸ್‌ಪಿಯಲ್ಲಿ. ಪರೀಕ್ಷೆ ಪಾಸಾಗಿ, ಎನ್‌ಎಸ್‌ಪಿಯಲ್ಲಿ ಅರ್ಜಿ ಹಾಕದೆ ದುಡ್ಡು ಕಳ್ಕೊಂಡ ಹುಡುಗರನ್ನ ನಾನೇ ಕಂಡಿದೀನಿ. ವಿದ್ಯಾನಗರದ ಅಕ್ಕ, ನಿಮ್ಮ ಮಗಳು ಈಗ ಏಳನೇ ಕ್ಲಾಸಲ್ಲಿದಾಳೆ, ಈ ವರ್ಷದ ಅಂಕಾನೇ ಲೆಕ್ಕಕ್ಕೆ ಬರೋದು.

ಹೊನ್ನಾಳಿ ಎಸ್‌ಡಿಎಂಸಿ ಅಕ್ಕ

ಸೋಮವಾರದ ಸಭೆಗೆ ಹೋಗ್ರಿ ಮೇಡಂ, ತಪ್ಪಿಸಬೇಡ್ರಿ. ನಾನು ನಮ್ಮೂರ ಶಾಲೆ ಎಸ್‌ಡಿಎಂಸಿ ಸದಸ್ಯೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಅಂತ ಅದರ ಪೂರ್ತಿ ಹೆಸರು. ರಾಜಾ ರಾಮಣ್ಣನವರ ನೇತೃತ್ವದ ಕಾರ್ಯಪಡೆ ಶಿಫಾರಸು ಮಾಡಿದ ಮೇಲೆ 2001ರಲ್ಲಿ ನಮ್ಮ ರಾಜ್ಯದಾಗೆ ಬಂತು. ಆಮೇಲೆ ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ ಬಂದಾಗ ಶಾಲೆಗೆ ಇಂಥ ಸಮಿತಿ ಇರಲೇಬೇಕು, ನಾಲ್ಕರಲ್ಲಿ ಮೂರು ಪಾಲು ತಂದೆ ತಾಯಿನೇ ಇರಬೇಕು, ಒಟ್ಟು ಅರ್ಧದಷ್ಟು ಹೆಂಗಸರಿರಬೇಕು ಅಂತ ಆಯ್ತು.

ಬಹಳ ಊರಾಗೆ ಏನಾಗೈತೆ ಅಂದ್ರೆ, ಹೆಸರಿಗೆ ಹೆಂಡ್ತಿ ಸದಸ್ಯೆ, ಸಭೆಗೆ ಗಂಡ. ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ಸಮಿತಿಯೋರು ಹಾರ ಹಾಕ್ಸಿಕೊಂಡು ಕೂತ್ರೆ ಮುಗೀತು. ಆದ್ರೆ ಶಾಲೆಗೆ ಏನು ಬೇಕು ಅಂತ ಯೋಜನೆ ಬರೆಯೋದು, ಬಂದ ಅನುದಾನ ಹೆಂಗೆ ಖರ್ಚಾಯ್ತು ಅಂತ ನೋಡೋದು, ಅಕ್ಷರ ದಾಸೋಹದ ಅಡುಗೆ ಹೆಂಗೈತೆ ಅಂತ ರುಚಿ ನೋಡೋದು, ಎಲ್ಲ ಈ ಸಮಿತಿ ಕೆಲಸಾನೇ. ಬಿಸಿಯೂಟಕ್ಕೆ ಮೊದಲು ಎಂಡಿಎಂ ಅಂತಿದ್ರು, 2021ರಿಂದ ಪಿಎಂ ಪೋಷಣ್ ಅಂತಾರೆ. ಹೆಸರು ಯಾವುದಾದ್ರೂ ಸೊಪ್ಪು, ಬೇಳೆ ಬೀಳ್ತೈತೋ ಇಲ್ಲೋ ನೋಡೋರು ನಾವು.

ನಿವೃತ್ತ ಮು.ಶಿ. (ಹರಿಹರ)

ಎಲ್ಲರ ಬರಹವನ್ನೂ ಓದಿದೆ. ಮಾಹಿತಿ ಚೆನ್ನಾಗಿದೆ. ಆದರೆ ಮೂಲ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ ಎಂದು ನನಗೆ ಅನಿಸುತ್ತದೆ. ಆ ತಾಯಿ ಕೇಳಿದ್ದು: ಯಾವುದು ಕಡತದ ಕೆಲಸ, ಯಾವುದು ಮಗುವಿನ ಪಾಲು? ಅದನ್ನು ಗುಂಪಿನ ಸಂದೇಶವೇ ಹೇಳಬೇಕಿತ್ತು. ಹೇಳಲಿಲ್ಲ.

ನಾವು ಸೇವೆಗೆ ಸೇರಿದಾಗಲೂ ಸಂಕ್ಷಿಪ್ತ ಹೆಸರುಗಳಿದ್ದವು. 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆ ನಮ್ಮ ಬಾಯಲ್ಲಿ ಓಬಿಬಿ ಆಯಿತು. ಆಮೇಲೆ ಡಿಪಿಇಪಿ, 2001ರ ಹೊತ್ತಿಗೆ ಎಸ್‌ಎಸ್‌ಎ, ಪ್ರೌಢಶಾಲೆಗೆ 2009ರಲ್ಲಿ ಆರ್‌ಎಂಎಸ್‌ಎ, 2018ರಲ್ಲಿ ಇವೆರಡೂ ಸೇರಿ ಸಮಗ್ರ ಶಿಕ್ಷಣ. ಇವೆಲ್ಲ ಇಲಾಖೆಯೊಳಗಿನ ಮಾತು. ಪೋಷಕರಿಗೆ ಇವು ಗೊತ್ತಿಲ್ಲದಿದ್ದರೂ ಮಗುವಿನ ಓದಿಗೆ ಕುಂದು ಬರುತ್ತಿರಲಿಲ್ಲ. ಇಂದಿನದು ಹಾಗಲ್ಲ. ಸ್ಯಾಟ್ಸ್, ಆರ್‌ಡಿ, ಎನ್‌ಎಸ್‌ಪಿ, ಟಿ.ಸಿ. ಇವು ಪೋಷಕರೇ ಓಡಾಡಿ ಮುಗಿಸಬೇಕಾದವು. ಗೊತ್ತಿದ್ದವರ ಮಗುವಿಗೆ ವಿದ್ಯಾರ್ಥಿವೇತನ ಬರುತ್ತದೆ, ಗೊತ್ತಿಲ್ಲದವರ ಮಗುವಿಗೆ ಬರುವುದಿಲ್ಲ. ಅದೇ ಬೆಂಚಿನಲ್ಲಿ ಕೂತು ಅದೇ ಪಾಠ ಕೇಳಿದ ಮಕ್ಕಳು ಅವರು. ಇದು ನನಗೆ ಬಹಳ ನೋವಿನ ವಿಷಯ.

ಆರ್‌ಟಿಇ ಕಾಯ್ದೆ 2009ರದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಿಂದ. ಜನ ಅದನ್ನು ಖಾಸಗಿ ಶಾಲೆಯ ಶೇ 25 ಸೀಟಿನ ಕಾಯ್ದೆ ಎಂದಷ್ಟೇ ತಿಳಿದಿದ್ದಾರೆ. ಆ ಸೀಟು ಕೊಡುವುದು 12(1)(ಸಿ) ಎಂಬ ಒಂದು ಉಪಕಲಮು. ನಮ್ಮ ರಾಜ್ಯದಲ್ಲಿ 2018ರ ಕೊನೆಯಲ್ಲಿ ನಿಯಮ ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟಿಲ್ಲ ಎಂದ ಮೇಲೆ "ಆರ್‌ಟಿಇ ಹೋಯಿತು" ಎನ್ನುವ ಮಾತು ಹಬ್ಬಿತು. ಕಾಯ್ದೆ ಎಲ್ಲಿಗೂ ಹೋಗಿಲ್ಲ. ಮಗುವನ್ನು ಹೊಡೆಯಬಾರದೆನ್ನುವ ಕಲಂ 17 ಇದೆ. ವಯಸ್ಸಿನ ದಾಖಲೆ ಇಲ್ಲವೆಂದು ಸೇರಿಸಿಕೊಳ್ಳದೆ ಇರಬಾರದೆನ್ನುವ ಕಲಂ 14 ಇದೆ. ಈ ಚರ್ಚೆಗೆ ಬೇಕಾದದ್ದು ಕಲಂ 24: ಶಿಕ್ಷಕರು ಪೋಷಕರ ಸಭೆ ನಿಯಮಿತವಾಗಿ ನಡೆಸಿ ಮಗುವಿನ ಹಾಜರಾತಿ, ಕಲಿಕೆ, ಪ್ರಗತಿ ಮತ್ತು ಇತರ ಸಂಬಂಧಪಟ್ಟ ಮಾಹಿತಿ ತಿಳಿಸಬೇಕು. ತಿಳಿಸುವುದು ಎಂದರೆ ಕೇಳಿದವರಿಗೆ ತಿಳಿಯಬೇಕು. ಅಂಥ ಸಂದೇಶ ಕಳಿಸಿದ ಶಾಲೆ ಆ ಕರ್ತವ್ಯವನ್ನು ಅರ್ಧ ಮಾಡಿದೆ.

ಜಗಳೂರು ಮೇಷ್ಟ್ರು

ಹಿರಿಯರ ಮಾತಿಗೆ ಎದುರಾಡ್ತಿಲ್ಲ ಸರ್, ಆದ್ರೆ ಈಗಿನ ಶಾಲೆ ಹೇಗಿದೆ ಅಂತ ಹೇಳಲೇಬೇಕು. ನಮ್ಮ ಪಕ್ಕದ ಊರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇರೋರು ಇಬ್ಬರೇ. ಒಬ್ಬರು ನಲಿ-ಕಲಿ, ಅಂದ್ರೆ ಒಂದರಿಂದ ಮೂರನೇ ತರಗತಿ ಒಟ್ಟಿಗೆ ನೋಡ್ಕೋಬೇಕು, ಇನ್ನೊಬ್ಬರು ನಾಲ್ಕು, ಐದನೇ ತರಗತಿ. ಅದರ ಜೊತೆ ಸ್ಯಾಟ್ಸ್ ಹಾಜರಾತಿ, ಊಟದ ಲೆಕ್ಕ, ಹಾಲು, ಮೊಟ್ಟೆ, ಯುಡೈಸ್ ನಮೂನೆ, ಜೂನ್‌ನಲ್ಲಿ ಹಿಂದಿನ ವರ್ಷದ ಕಲಿಕೆ ನೆನಪಿಸೋ ಸೇತುಬಂಧದ ಪೂರ್ವ ಪರೀಕ್ಷೆ, ಸಾಫಲ್ಯ ಪರೀಕ್ಷೆ. ಮೇಲಿನಿಂದ ಬರೋ ಸಂದೇಶ ಇದೇ ಸಂಕ್ಷಿಪ್ತ ಭಾಷೇಲಿ ಬರುತ್ತೆ, ನಾವು ಅದನ್ನೇ ಗುಂಪಿಗೆ ದಾಟಿಸ್ತೀವಿ. ಬೇಕು ಅಂತ ಮಾಡೋದಲ್ಲ, ರಾತ್ರಿ ಎಂಟು ಗಂಟೆಗೆ "ನಾಳೆಯೊಳಗೆ ಕಡ್ಡಾಯ" ಅಂತ ಬಂದ್ರೆ ಕೂತು ಬಿಡಿಸಿ ಬರೆಯೋಷ್ಟು ಉಸಿರು ಉಳಿದಿರಲ್ಲ.

ನಿವೃತ್ತ ಮು.ಶಿ. (ಹರಿಹರ)

ಒಪ್ಪುತ್ತೇನೆ ಮೇಷ್ಟ್ರೆ. ಇಬ್ಬರು ಶಿಕ್ಷಕರ ಶಾಲೆಯ ಕಷ್ಟ ನನಗೆ ಹೊಸದಲ್ಲ. ಹಾಗಾದರೆ ಮೇಲಿನಿಂದ ಬರುವ ಸಂದೇಶವೇ ಪೋಷಕರಿಗೆ ದಾಟಿಸುವ ಹಾಗೆ ಬರಲಿ. ಬಿಇಒ ಕಚೇರಿಯಲ್ಲಿ ಒಬ್ಬರು ಒಮ್ಮೆ ಬರೆದರೆ ವಲಯದ ಎಲ್ಲ ಶಾಲೆಗೂ ಆಗುತ್ತದೆ. ಶಿಕ್ಷಕರ ಸಂಘದಿಂದ ಇದನ್ನು ಕೇಳಬಹುದಲ್ಲವೇ?

ಹೊನ್ನಾಳಿ ಎಸ್‌ಡಿಎಂಸಿ ಅಕ್ಕ

ನಮ್ಮ ಶಾಲೆ ದೊಡ್ಡ ಮೇಡಂ ಒಂದು ಉಪಾಯ ಮಾಡವ್ರೆ. ಮೇಲಿಂದ ಬಂದಿದ್ದನ್ನ ಎಸ್‌ಡಿಎಂಸಿಯ ಓದಿದ ತಾಯಿ ಒಬ್ಬರಿಗೆ ಕಳಿಸ್ತಾರೆ. ಅವರು ಬಿಡಿಸಿ ಬರೆದು, ದನಿಯಲ್ಲೂ ಹೇಳಿ ಹಾಕ್ತಾರೆ, ಓದಕ್ಕೆ ಬಾರದೋರಿಗೂ ಕೇಳಿಸ್ತೈತೆ. ನಿಮ್ಮ ಶಾಲೆ ಸಂದೇಶಾನ ನಾನು ಹಂಗೆ ಬರೆದ್ರೆ ಹಿಂಗೆ ಬರ್ತೈತೆ:

"ತಾಯಂದಿರೇ, ತಂದೆಯರೇ. ಒಂದು: ಶನಿವಾರದೊಳಗೆ ಶಾಲೆಗೆ ಬಂದು ಅಪಾರ್ ಪತ್ರ ಓದಿ, ಒಪ್ಪಿಗೆ ಇದ್ರೆ ಸಹಿ ಮಾಡಿ, ಇಲ್ಲಾಂದ್ರೆ ಇಲ್ಲ ಅಂತ ಬರೆದು ಕೊಡಿ. ಎರಡು: ವಿದ್ಯಾರ್ಥಿವೇತನ ಬೇಕಾದೋರು ನಾಡಕಚೇರಿಯ ಜಾತಿ, ಆದಾಯ ಪತ್ರ ತೆಗೆದು ದಿನಾಂಕ ಮುಗಿದಿಲ್ವಾ ನೋಡಿ, ಮುಗಿದಿದ್ರೆ ಈಗಲೇ ಅರ್ಜಿ ಕೊಡಿ. ಇದು ತಪ್ಪಿದ್ರೆ ಮಗುವಿನ ದುಡ್ಡು ಹೋಗ್ತದೆ. ಮೂರು: ಈ ವರ್ಷ ಬೇರೆ ಶಾಲೆಯಿಂದ ಬಂದ ಮಕ್ಕಳ ಹಳೇ ಶಾಲೆ ಟಿ.ಸಿ. ತನ್ನಿ, ಅದರ ಮೇಲಿರೋ ಶಾಲೆಯ ನಂಬರ್ ಬೇಕು. ನಾಲ್ಕು: ಸೋಮವಾರ ಪೋಷಕರ ಸಮಿತಿ ಸಭೆ, ಎಲ್ಲರೂ ಬನ್ನಿ. ಪರೀಕ್ಷೆ ಅಂಕ ನಾವೇ ಕಂಪ್ಯೂಟರಿಗೆ ಏರಿಸ್ತೀವಿ, ನೀವು ಏನೂ ಮಾಡಬೇಕಿಲ್ಲ."

ವಿದ್ಯಾನಗರದ ಅಮ್ಮ (ದಾವಣಗೆರೆ)

ಅಕ್ಕ, ಇದನ್ನ ಓದಿ ಕಣ್ಣಲ್ಲಿ ನೀರು ಬಂತು. ಇಷ್ಟೇ ಸಾಕಿತ್ತು. ನಿಮ್ಮ ಅನುಮತಿ ಇದ್ರೆ ನಮ್ಮ ಗುಂಪಿಗೆ ಹಾಕ್ತೀನಿ.

ಹೊನ್ನಾಳಿ ಎಸ್‌ಡಿಎಂಸಿ ಅಕ್ಕ

ಹಾಕ್ರಿ. ನಿಮ್ಮ ಟೀಚರ್‌ಗೆ ಮೊದಲು ತೋರಿಸಿ ಹಾಕ್ರಿ, ಅವರಿಗೆ ಬೇಜಾರಾಗಬಾರದು.

ಚನ್ನಗಿರಿ ತಾಯಿ

ನನ್ನದೊಂದು ಮಾತು ಸೇರಿಸ್ತೀನಿ. ಈ ಪಟ್ಟಿಗಳಲ್ಲಿ ಎಲ್ಲೂ ಬರದೆ ಇರೋ ಹೆಸರು ಬಿಐಇಆರ್‌ಟಿ. ನನ್ನ ಮಗನಿಗೆ ಮಾತು ಸರಿಯಾಗಿ ಬರಲ್ಲ, ಕೈಯಲ್ಲಿ ಹಿಡಿತ ಕಡಿಮೆ. ಮೂರನೇ ತರಗತಿ ತನಕ ಅವನು ಹಿಂದಿನ ಸಾಲಲ್ಲಿ ಸುಮ್ಮನೆ ಕೂತು ಬರ್ತಿದ್ದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಸಿಡಬ್ಲ್ಯೂಎಸ್‌ಎನ್ ಅಂತ ಬರೆದಿದ್ದನ್ನ ನೋಡಿದ್ದೆ, ಏನು ಅಂತ ಕೇಳೋಕೆ ಧೈರ್ಯ ಇರಲಿಲ್ಲ. ಏನೋ ಕಡಿಮೆ ಅಂತ ಗುರುತು ಹಾಕಿದಾರೆ ಅಂದ್ಕೊಂಡಿದ್ದೆ.

ಒಂದಿನ ಶಾಲೆಗೆ ಬಂದ ಸಿಆರ್‌ಪಿ ಸರ್ ಹೇಳಿದ್ರು: ಅದು ವಿಶೇಷ ಅಗತ್ಯವುಳ್ಳ ಮಗು ಅಂತ, ಅಂಥ ಮಕ್ಕಳಿಗೆ ಬ್ಲಾಕ್‌ಗೆ ಬಿಐಇಆರ್‌ಟಿ ಅಂತ ವಿಶೇಷ ಶಿಕ್ಷಕರಿರ್ತಾರೆ, ಬಿಆರ್‌ಸಿ ಕಚೇರಿಯಲ್ಲಿ ಹೋಗಿ ಕೇಳಿ ಅಂತ. ಹೋದೆ. ಆ ಮೇಡಂ ಬಂದು ನೋಡಿದ್ರು, ವೈದ್ಯಕೀಯ ಶಿಬಿರಕ್ಕೆ ಹೆಸರು ಬರೆಸಿದ್ರು, ದಪ್ಪ ಹಿಡಿಯ ಪೆನ್ಸಿಲ್ ಕೊಟ್ಟು ತರಗತಿ ಟೀಚರ್‌ಗೆ ಹೇಗೆ ಕೂರಿಸಬೇಕು ಅಂತ ತೋರಿಸಿದ್ರು. ಶಾಲೆಗೆ ಬರೋಕೇ ಆಗದ ಮಕ್ಕಳಿಗೆ ಮನೆಗೇ ಬಂದು ಕಲಿಸ್ತಾರೆ, ಅದಕ್ಕೆ ಎಚ್‌ಬಿಇ, ಗೃಹಾಧಾರಿತ ಶಿಕ್ಷಣ ಅಂತಾರೆ. ಇಷ್ಟೆಲ್ಲ ಇತ್ತು. ಮೂರು ವರ್ಷ ನನಗೆ ಯಾರೂ ಹೇಳಲಿಲ್ಲ.

ಯಾರ ಮನೇಲಿ ಇಂಥ ಮಗು ಇದೆಯೋ ಅವರು ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯ ಇದಾವೆ, ಕಲಿಕಾ ನ್ಯೂನತೆ, ಆಟಿಸಂ ಕೂಡ ಸೇರಿದಾವೆ. ಶೇ 40ಕ್ಕಿಂತ ಕಡಿಮೆ ಇಲ್ಲದ ವೈಕಲ್ಯ ಅಂತ ಪ್ರಮಾಣಪತ್ರ ಇದ್ರೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಎಸ್‌ಎಸ್‌ಎಲ್‌ಸಿಯಲ್ಲಿ ಬರೆಯೋಕೆ ಸಹಾಯಕರನ್ನ, ಹೆಚ್ಚಿನ ಸಮಯವನ್ನ ಕೇಳಬಹುದು. ಪರೀಕ್ಷೆ ಹತ್ತಿರ ಬಂದಾಗ ಅಲ್ಲ, ವರ್ಷದ ಮೊದಲೇ ಕೇಳಬೇಕು.

ಹೊಳಲ್ಕೆರೆ ಅಪ್ಪ

ತಾಯಿ, ನಿಮ್ಮ ಬರಹ ನಮ್ಮ ಅಣ್ಣನ ಮನೆಗೆ ಓದಿ ಹೇಳಿದೆ. ಅವರ ಮಗಳಿಗೆ ಕಿವಿ ಕೇಳಲ್ಲ. ನಾಳೆನೇ ಬಿಆರ್‌ಸಿಗೆ ಕರ್ಕೊಂಡು ಹೋಗ್ತೀವಿ.

ನನ್ನ ಪ್ರಶ್ನೆ ಬೇರೆ ಇತ್ತು. ಮಗ ಹತ್ತನೇ ಕ್ಲಾಸು. ಎಸ್‌ಎಸ್‌ಎಲ್‌ಸಿ ಒಟ್ಟು ಅಂಕ 625 ಯಾಕೆ, 600 ಯಾಕಲ್ಲ? ಪ್ರವೇಶ ಪತ್ರದ ಮೇಲೆ ಸಿಸಿಇಆರ್‌ಎಫ್ ಅಂತ ಇರುತ್ತಂತೆ, ಅದೇನು?

ಚಳ್ಳಕೆರೆ ಬಿ.ಇಡಿ.

ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ನೂರು ನೂರು, ಒಟ್ಟು 625. ಪ್ರಥಮ ಭಾಷೆಯಲ್ಲಿ 25, ಉಳಿದವುಗಳಲ್ಲಿ 20 ಅಂಕ ಶಾಲೆಯಲ್ಲೇ ಕೊಡೋ ಆಂತರಿಕ ಅಂಕ. ಸಿಸಿಇಆರ್‌ಎಫ್ ಅಂದ್ರೆ ಶಾಲೆಯಲ್ಲಿ ಓದಿ ಮೊದಲ ಸಲ ಬರೀತಿರೋ ವಿದ್ಯಾರ್ಥಿ. ಕೊನೆಗೆ ಆರ್‌ಆರ್ ಇದ್ರೆ ಪುನರಾವರ್ತಿತ, ಪಿಎಫ್ ಇದ್ರೆ ಖಾಸಗಿಯಾಗಿ ಮೊದಲ ಸಲ. ಮೊದಲು ಕೆಎಸ್‌ಇಇಬಿ ಅಂತಿದ್ದ ರಾಜ್ಯದ ಪರೀಕ್ಷಾ ಮಂಡಳಿ ಪಿಯು ಪರೀಕ್ಷೆಯನ್ನೂ ಸೇರಿಸಿಕೊಂಡು ಈಗ ಕೆಎಸ್‌ಇಎಬಿ ಆಗಿದೆ. 2024ರಲ್ಲಿ ವರ್ಷಕ್ಕೆ ಪರೀಕ್ಷೆ-1, 2, 3 ಅಂತ ಮೂರು ಅವಕಾಶ ತಂದ್ರು. ಬರೆದ ಪರೀಕ್ಷೆಗಳಲ್ಲಿ ಬಂದ ಒಳ್ಳೆ ಅಂಕ ಉಳಿಸಿಕೊಳ್ಳಬಹುದು, ಹಾಗಾಗಿ ಪರೀಕ್ಷೆ-2 ಅಂದ್ರೆ ಫೇಲಾದವರದ್ದು ಮಾತ್ರ ಅನ್ನೋ ಹಳೇ ಲೆಕ್ಕ ಬಿಡಿ.

ಕೋಟೆ ರಸ್ತೆ ಸೈಬರ್ (ಚಿತ್ರದುರ್ಗ)

ಹತ್ತನೇ ಕ್ಲಾಸಿನವರು ಇದನ್ನ ಗಮನಿಸಿ. ಮಂಡಳಿಗೆ ಕಳಿಸೋ ನಾಮಿನಲ್ ರೋಲ್ ಅಂತ ಪಟ್ಟಿ ಇರುತ್ತೆ. ಅದರಲ್ಲಿರೋ ಹೆಸರು, ತಂದೆ ತಾಯಿ ಹೆಸರು, ಹುಟ್ಟಿದ ದಿನಾಂಕವೇ ಅಂಕಪಟ್ಟಿಗೆ ಹೋಗೋದು. ಅಂಕಪಟ್ಟಿ ಮೇಲೆ ನಿಮ್ಮ ಮಗುವಿನ ಪಾಸ್‌ಪೋರ್ಟು, ಕೆಲಸ, ಪಿಂಚಣಿ ತನಕ ನಿಂತಿರುತ್ತೆ. ಕರಡು ಪಟ್ಟಿ ಬಂದಾಗ ಶಾಲೆಯವರು ತೋರಿಸಿ ಸಹಿ ಹಾಕಿಸ್ತಾರೆ. ಹುಡುಗನ ಕೈಯಲ್ಲಿ ಹಾಕಿಸಿಬಿಡಬೇಡಿ, ನೀವೇ ಹೋಗಿ ಅಕ್ಷರ ಅಕ್ಷರ ಓದಿ.

ಇನ್ನೊಂದು, ಗ್ರಾಮೀಣ ಪ್ರಮಾಣಪತ್ರ, ಕನ್ನಡ ಮಾಧ್ಯಮ ಪ್ರಮಾಣಪತ್ರ. ಸಿಇಟಿಯಲ್ಲಿ ಗ್ರಾಮೀಣಕ್ಕೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಮೀಸಲಾತಿ. ಒಂದರಿಂದ ಹತ್ತರವರೆಗೆ ಎಲ್ಲೆಲ್ಲಿ ಓದಿದ್ರೋ ಆ ಶಾಲೆಗಳಿಂದ ತರಬೇಕು, ಬಿಇಒ ಮೇಲುಸಹಿ ಬೇಕು. ಹೊಳಲ್ಕೆರೆ ಕಡೆ ಹಳ್ಳಿ ಶಾಲೇಲಿ ಓದಿ ಪಿಯುಗೆ ದುರ್ಗಕ್ಕೋ ದಾವಣಗೆರೆಗೋ ಹೋಗ್ತಾರೆ, ಆಮೇಲೆ ಸಿಇಟಿ ಟೈಮಲ್ಲಿ ಊರಿಗೆ ಓಡಿ ಬರ್ತಾರೆ. ಟಿ.ಸಿ. ತಗೊಳ್ಳೋ ದಿನವೇ ಇವೆರಡನ್ನೂ ಕೇಳಿ ಮಾಡಿಸ್ಕೊಳ್ಳಿ.

ಮಂಡಕ್ಕಿ ಭಟ್ಟಿ ಸೋದರ (ದಾವಣಗೆರೆ)

ಟಿ.ಸಿ. ಅಂದಿದ್ದಕ್ಕೆ ಕೇಳ್ತೀನಿ. ತಂಗಿ ಮಗ ಖಾಸಗಿ ಶಾಲೇಲಿ ಐದನೇ ಕ್ಲಾಸು ಓದ್ತಿದ್ದ. ಭಾವನಿಗೆ ಭಟ್ಟಿ ಕೆಲಸ ನಿಂತು ಫೀಸು ಬಾಕಿ ಉಳೀತು. ಈಗ ಸರ್ಕಾರಿ ಉರ್ದು ಶಾಲೆಗೆ ಸೇರಿಸಬೇಕು, ಹಳೇ ಶಾಲೆಯವರು ಬಾಕಿ ಕಟ್ಟೋ ತನಕ ಟಿ.ಸಿ. ಇಲ್ಲ ಅಂತಾರೆ, ಸ್ಯಾಟ್ಸ್‌ನಲ್ಲೂ ಬಿಟ್ಟುಕೊಡ್ತಿಲ್ಲ. ಹುಡುಗ ಮನೇಲೇ ಕೂತಿದಾನೆ. ಇನ್ನು ಸ್ವಲ್ಪ ದಿನ ಹೀಗೇ ಬಿಟ್ರೆ ಅವನೂ ಭಟ್ಟಿಗೆ ಹೋಗ್ತಾನೆ ಅಂತ ಭಯ.

ನಿವೃತ್ತ ಮು.ಶಿ. (ಹರಿಹರ)

ಸೋದರರೇ, ಮಗುವನ್ನು ನಾಳೆಯೇ ಸರ್ಕಾರಿ ಶಾಲೆಗೆ ಕರೆದುಕೊಂಡು ಹೋಗಿ ಕೂರಿಸಿ. ಆರ್‌ಟಿಇ ಕಲಂ 5 ಓದಿಕೊಂಡು ಹೋಗಿ. ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗಲು ಕೇಳಿದರೆ ಹಳೆಯ ಶಾಲೆಯ ಮುಖ್ಯಸ್ಥರು ಕೂಡಲೇ ಟಿ.ಸಿ. ಕೊಡಬೇಕು. ತಡ ಮಾಡಿದರೆ ಶಿಸ್ತುಕ್ರಮಕ್ಕೆ ಗುರಿಯಾಗುತ್ತಾರೆ. ಟಿ.ಸಿ. ತಡವಾಯಿತೆಂದು ಹೊಸ ಶಾಲೆ ಪ್ರವೇಶವನ್ನು ತಡಮಾಡುವಂತಿಲ್ಲ, ನಿರಾಕರಿಸುವಂತಿಲ್ಲ. ಬಾಕಿ ಶುಲ್ಕದ ವ್ಯವಹಾರ ಭಾವನಿಗೂ ಆ ಶಾಲೆಗೂ ಸೇರಿದ್ದು, ಮಗುವಿನ ತರಗತಿಗೆ ಸೇರಿದ್ದಲ್ಲ.

ಜಗಳೂರು ಮೇಷ್ಟ್ರು

ಹೌದು, ಅದರ ಜೊತೆ ಕೆಲಸ ಆಗೋ ದಾರಿ ಹೇಳ್ತೀನಿ. ಒಂದು ಬಿಳಿ ಹಾಳೇಲಿ ಹಳೇ ಶಾಲೆಗೆ ಟಿ.ಸಿ. ಕೇಳಿ ಅರ್ಜಿ ಬರೆದು ಕೊಡಿ, ನಕಲಿನ ಮೇಲೆ ಸ್ವೀಕೃತಿ ಕೇಳಿ. ಸ್ವೀಕೃತಿ ಕೊಡಲ್ಲ ಅಂದ್ರೆ ನೋಂದಾಯಿತ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಕೊಳ್ಳಿ. ಅದರ ನಕಲು, ಮಗುವಿನ ಆಧಾರ್, 9 ಅಂಕಿಯ ಸ್ಯಾಟ್ಸ್ ನಂಬರ್, ಹಳೇ ಶಾಲೆಯ ಯುಡೈಸ್ ಕೋಡ್, ಇಷ್ಟು ಸೇರಿಸಿ ಹಳೇ ಶಾಲೆ ಯಾವ ವಲಯದ್ದೋ ಆ ಬಿಇಒ ಕಚೇರಿಗೆ ದೂರು ಕೊಡಿ. ಸ್ಯಾಟ್ಸ್ ನಂಬರ್ ಗೊತ್ತಿಲ್ಲಾಂದ್ರೆ ಹಳೇ ಪ್ರಗತಿ ಪತ್ರದ ಮೇಲೆ ನೋಡಿ. ಹೊಸ ಶಾಲೆಯ ಮುಖ್ಯ ಶಿಕ್ಷಕರಿಗೂ ಒಂದು ನಕಲು ಕೊಡಿ, ಅವರೂ ಸಿಆರ್‌ಪಿ ಮೂಲಕ ಮೇಲೆ ಹೇಳ್ತಾರೆ. ಅಷ್ಟರ ತನಕ ಹುಡುಗ ತರಗತೀಲಿ ಕೂತು ಪಾಠ ಕೇಳ್ಲಿ, ಊಟ ಮಾಡ್ಲಿ.

ಮಂಡಕ್ಕಿ ಭಟ್ಟಿ ಸೋದರ (ದಾವಣಗೆರೆ)

ಪ್ರಗತಿ ಪತ್ರ ಮನೇಲಿದೆ, ಮೇಲೆ 9 ಅಂಕಿ ಸಿಕ್ತು ಸರ್. ಅರ್ಜಿ ಈಗಲೇ ಬರೀತೀನಿ. ಒಂದು ಅನುಮಾನ: ತಂಗಿಗೆ ಸಹಿ ಬರಲ್ಲ, ಹೆಬ್ಬೆಟ್ಟು ನಡೆಯುತ್ತಾ?

ಜಗಳೂರು ಮೇಷ್ಟ್ರು

ನಡೆಯುತ್ತೆ. ಪಕ್ಕದಲ್ಲಿ ಅವರ ಹೆಸರು ಬರೆದು, ನೀವು ಸಾಕ್ಷಿ ಅಂತ ಸಹಿ ಹಾಕಿ. ದೂರಿನ ಮೇಲೆ ದಿನಾಂಕ ಮರೀಬೇಡಿ.